ಬಂಡಿ ಹಾಡಿನೊಳಗಿನ ರೊಟ್ಟಿ

ಹುಮನಾಬಾದಿನ ಬಸ್ ಸ್ಟ್ಯಾಂಡಿನಿಂದ ಹೊರಬಿದ್ದು ಎಡಕ್ಕೆ ತಿರುಗಿದರೆ ಸಿಗುವ ಖಾನಾವಳಿಗೆ ಬೋರ್ಡಿನ ಮೇಲೆ ಬೇರೆ ಏನೋ ಹೆಸರಿದೆ. ಅದನ್ನು ಓದಿದವರಿಲ್ಲ. ಊರಿಗೆಲ್ಲ ಅದು ಶಕುಂತಲಾಬಾಯಿಯ ಖಾನಾವಳಿ. ಒಳಗೆ ಹೋದರೆ ಎದುರಿಗೆ ಬಸವಣ್ಣನವರ ಫೋಟೋ, ಅದರ ಪಕ್ಕಕ್ಕೆ ಅಷ್ಟೇ ದೊಡ್ಡದು ಇನ್ನೊಂದು: ಕಪ್ಪು ಚೌಕಟ್ಟಿನ ಕನ್ನಡಕ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಹೆಗಲ ಮೇಲೆ ಶಾಲು. ಎರಡಕ್ಕೂ ದಿನಾ ಹೂವಿನ ಮಾಲೆ. ಹೊಸ ಗಿರಾಕಿಗಳು, ಇವರು ತೀರಿಹೋದ ಮಾವನವರಿರಬೇಕು ಎಂದುಕೊಂಡು ಕೈ ಮುಗಿದು ಊಟಕ್ಕೆ ಕೂಡುತ್ತಾರೆ. ನಿಜವಾದ ಮಾವನ ಫೋಟೋ ಒಳಗೆ ಹಿಟ್ಟಿನ ಡಬ್ಬಿಯ ಮೇಲಿದೆ. ಅದಕ್ಕೆ ಮಾಲೆ ಬೀಳುವುದು ದೀಪಾವಳಿಗೊಮ್ಮೆ.

ಕನ್ನಡಕದ ಆ ಮಹಾಶಯರ ಹೆಸರು ದಿನಕರರಾವ್. ಸಿನಿಮಾಕ್ಕೆ ಸಂಗೀತ ಕೊಡುತ್ತಿದ್ದವರು. ಕನ್ನಡಕ್ಕೆ ಕೊಟ್ಟರು, ಮರಾಠಿಗೆ ಕೊಟ್ಟರು, ಒಂದೆರಡು ಹಿಂದಿಗೂ ಕೊಟ್ಟರು. ಉಳಿದವರ ಪಾಲಿಗೆ ಅವರು ಅಷ್ಟೇ. ಶಕುಂತಲಾಬಾಯಿಯ ಪಾಲಿಗೆ ಮಾತ್ರ ಸೂರ್ಯ ಹುಟ್ಟುವುದೂ ಅವರನ್ನು ಕೇಳಿಯೇ.

ಈ ಖಾನಾವಳಿಯಲ್ಲಿ ಬೆಳಗಿನಿಂದ ಸಂಜೆಯತನಕ ದಿನಕರರಾವ್ ಅವರ ಹಾಡು ಬಿಟ್ಟರೆ ಬೇರೆ ಹಾಡಿಲ್ಲ. ಮೊದಲು ಟೇಪ್ ರೆಕಾರ್ಡರ್ ಇತ್ತು, ಆಮೇಲೆ ಸಿಡಿ ಬಂತು, ಈಗ ಬೆರಳಿನಷ್ಟುದ್ದದ ಪೆನ್ ಡ್ರೈವ್. ಯಂತ್ರ ಬದಲಾದರೂ ಕಾನೂನು ಬದಲಾಗಿಲ್ಲ. ಪಲ್ಲವಿ ಚರಣ ನಡೆಯುವಾಗ ಗಿರಾಕಿ ಏನು ಬೇಕಾದರೂ ಕೇಳಬಹುದು. ನಡುವೆ ಕೊಳಲೋ ಪಿಟೀಲೋ ಬಂತೆಂದರೆ ಬಾಯಿ ಮುಚ್ಚಿಕೊಂಡು ತಾಟಿನಲ್ಲಿ ಇದ್ದದ್ದನ್ನು ಉಣ್ಣಬೇಕು. "ಹಾಡು ಹಾಡವ್ರದ್ದು. ನಡುವಿನ ಬಾಜಾ ಅಷ್ಟ ನಮ್ಮ ಮಾಸ್ತರದು. ಆಗ ಯಾರರೆ ಪುಂಡಿಪಲ್ಯ ಅಂದ್ರ ನೋಡ್ರಿ ಮತ್ತ" ಎಂದು ಆಕೆ ಮೊದಲೇ ಹೇಳಿಬಿಡುತ್ತಾಳೆ. ಒಮ್ಮೆ ಸೊಲ್ಲಾಪುರದ ಲಾರಿ ಡ್ರೈವರ್ ಒಬ್ಬನಿಗೆ ಖಾರ ನೆತ್ತಿಗೇರಿ, ಸರಿಯಾಗಿ ಪಿಟೀಲಿನ ನಡುವೆ ನೀರು ಬೇಕಾಯಿತು. ಆಕೆ ಹಿಟ್ಟಿನ ಕೈಯೆತ್ತಿ ತಡಿ ಎಂದಳು. ಪಿಟೀಲು ಮುಗಿಯುವ ಹೊತ್ತಿಗೆ ಅವನ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. "ಎಷ್ಟ ಮನಸಿಟ್ಟ ಕೇಳಿದ, ಅತ್ತೇಬಿಟ್ಟ ಪಾಪ" ಎಂದು ಆಕೆ ಇಂದಿಗೂ ಅವನನ್ನು ಹೊಗಳುತ್ತಾಳೆ.

ಇನ್ನು ರೊಟ್ಟಿಯ ಕಥೆ. ಶಕುಂತಲಾಬಾಯಿ ಜೋಳದ ರೊಟ್ಟಿ ಬಡಿಯುವುದು ಹಾಡಿನ ತಾಳಕ್ಕೆ. ಹಾಡು ಮೆಲ್ಲಗಿದ್ದರೆ ರೊಟ್ಟಿ ದಪ್ಪ, ಚುರುಕಾಗಿದ್ದರೆ ಹಪ್ಪಳದಷ್ಟು ತೆಳ್ಳಗೆ. ರೂಢಿಯ ಗಿರಾಕಿಗಳು ಸೀದಾ ಒಳಗೆ ಬರುವುದಿಲ್ಲ. ಹೊರಗೆ ನಿಂತು, ನಡೆಯುತ್ತಿರುವುದು ವಿರಹದ ಹಾಡೋ ಮದುವೆಯ ಹಾಡೋ ಕೇಳಿಕೊಂಡು, ತಮ್ಮ ಹಲ್ಲಿನ ಯೋಗ್ಯತೆ ನೋಡಿಕೊಂಡು ಒಳಗೆ ಕಾಲಿಡುತ್ತಾರೆ.

ಆಕೆಯ ತವರು ಮಂಠಾಳ. ಸಣ್ಣವಳಿದ್ದಾಗ ಅಲ್ಲಿ ಸಂತೆಯ ಬಯಲಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಹೀರೋ ಬಂದಾಗ ಊರೆಲ್ಲ ಸೀಟಿ ಹೊಡೆದರೆ, ಈಕೆ ಅದಕ್ಕಿಂತ ಮೊದಲೇ, ಪರದೆಯ ಮೇಲೆ 'ಸಂಗೀತ' ಎಂಬ ಅಕ್ಷರ ಮೂಡಿದಾಗಲೇ ಚಪ್ಪಾಳೆ ತಟ್ಟಿ ಮುಗಿಸುತ್ತಿದ್ದಳು. ಊರೆಲ್ಲ ಒಂದು ದಾರಿ, ಎಡವಟ್ಟನದೇ ಒಂದು ದಾರಿ ಎಂದು ಅವಳಪ್ಪ ತಲೆ ಚಚ್ಚಿಕೊಂಡ. ನೋಡಲು ಗಂಡಿನ ಕಡೆಯವರು ಹುಮನಾಬಾದಿನಿಂದ ಬಂದಾಗ, ಸುಮ್ಮನೆ ಮಾತಿಗೆ, ಹಾಡು ಬರುತ್ತದೇನವ್ವಾ ಎಂದು ಯಾರೋ ಕೇಳಿದರು. ಕೇಳಬಾರದಿತ್ತು. ಶಕುಂತಲಾ ದಿನಕರರಾವ್ ಅವರ ಹಾಡೊಂದನ್ನು ಪೂರ್ತಿ ಹಾಡಿದಳು. ಪೂರ್ತಿ ಎಂದರೆ ಪೂರ್ತಿ: ಪಿಟೀಲನ್ನು ಮೂಗಿನಿಂದ, ಕೊಳಲನ್ನು ತುಟಿಯಿಂದ, ಢೋಲಕನ್ನು ಕುಳಿತಿದ್ದ ಮಣೆಯ ಮೇಲೆ. ಬಂದವರ ಚಹಾ ಆರಿಹೋಯಿತು. ಗಂಡು ಬಸವಣಪ್ಪ ಮಾತ್ರ ಬಹಳ ಖುಷಿಯಿಂದ ತಲೆದೂಗಿದ, ಒಂದು ಸಲವೂ ತಾಳಕ್ಕೆ ಸರಿಯಾಗಿ ಅಲ್ಲ. ಶಕುಂತಲಾ ಅದನ್ನು ಓರೆಗಣ್ಣಿನಲ್ಲಿ ನೋಡಿದಳು. ಇವನು ಒಳ್ಳೆಯವನೇ, ಆದರೆ ಕಿವಿ ಎರಡೂ ದಂಡ ಎಂದು ಅಂದೇ ತೀರ್ಮಾನಿಸಿದಳು.

ಆ ತೀರ್ಮಾನ ತಪ್ಪಾಗಿರಲಿಲ್ಲ. ಬಸವಣಪ್ಪ ತೆಳ್ಳನೆಯ, ಮೆತ್ತನೆಯ ಮನುಷ್ಯ. ಮಠದ ಭಜನೆಯಲ್ಲಿ ಒಮ್ಮೆ ಅವನ ಕೈಗೆ ತಾಳ ಕೊಟ್ಟಿದ್ದರು. ಎರಡನೇ ಹಾಡಿಗೇ ಹಿರಿಯರೊಬ್ಬರು ಬಹಳ ಪ್ರೀತಿಯಿಂದ ಅದನ್ನು ಹಿಂದಕ್ಕೆ ಇಸಿದುಕೊಂಡು, "ತಮ್ಮಾ, ನೀ ಪ್ರಸಾದದ ಕಡಿ ನೋಡು" ಎಂದರು. ಅಂದಿನಿಂದ ಪ್ರಸಾದ ಅವನದೇ. ಮನೆಯಲ್ಲೂ ಹಾಗೇ. ಗಲ್ಲಾದಲ್ಲಿ ಕುಳಿತು ಬೆರಳು ಬಡಿದರೆ ಸಾಕು, ಒಳಗಿನಿಂದ "ರೀ, ಕೈ ಸುಮ್ಮ ಇಡ್ರಿ, ಮಾಸ್ತರ ತಾಳ ಕೆಡಾಕತ್ತದ" ಎಂಬ ಕೂಗು ಬರುತ್ತಿತ್ತು. ಅವನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದ.

ಇಷ್ಟಾದರೆ ಶಕುಂತಲಾಬಾಯಿ ಬರೀ ಹುಚ್ಚು ಅಭಿಮಾನಿ ಎನ್ನಿಸಿಕೊಂಡು ಬದುಕುತ್ತಿದ್ದಳು. ಆದರೆ ಆಕೆಗೆ ಒಂದು ಹಕ್ಕಿನ ಕಥೆಯಿತ್ತು. ಯಾರು ಖಾನಾವಳಿಗೆ ಕಾಲಿಟ್ಟರೂ ಅದನ್ನು ಕೇಳದೆ ಕೈ ತೊಳೆಯುವಂತಿರಲಿಲ್ಲ.

ಮದುವೆಯಾದ ಹೊಸತು. ಬೇಸಿಗೆಯ ಮಧ್ಯಾಹ್ನ. ಮುಂಬೈಯಿಂದ ಹೈದರಾಬಾದಿಗೆ ಹೊರಟ ಕಾರೊಂದು, ಹಿಂದೆ ವಾದ್ಯ ತುಂಬಿದ ಮೆಟಡೋರ್ ಒಂದು ಖಾನಾವಳಿಯ ಮುಂದೆ ನಿಂತವು. ಕಾರಿನಿಂದ ಇಳಿದವರು ಸಾಕ್ಷಾತ್ ದಿನಕರರಾವ್. ಒಳಗೆ ಒಲೆಯ ಮುಂದೆ ಸೊಸೆ ಶಕುಂತಲಾ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಕೇಳಿ ಮಾಸ್ತರರ ಬೆರಳು ತಾಟಿನ ಅಂಚಿನ ಮೇಲೆ ಆಡತೊಡಗಿತು. ತಟ್ ತಟ್ ತಟ್, ಒಂದಿಷ್ಟು ಖಾಲಿ, ಆಮೇಲೆ ತಟ್. ವರ್ಷ ಕಳೆಯುವುದರೊಳಗೆ ಅವರ ಹೊಸ ಸಿನಿಮಾ ಬಂತು. ಅದರಲ್ಲಿ ನಾಯಕ ಬಂಡಿ ಹೊಡೆಯುತ್ತ ಹಾಡುವ ಹಾಡು. ಅದರ ಢೋಲಕು? ತಟ್ ತಟ್ ತಟ್, ಖಾಲಿ, ತಟ್. "ಆ ಖಾಲಿ ಐತಲ್ಲ, ಅದು ನಾ ರೊಟ್ಟಿ ತಿರಗಸೂ ಜಾಗಾ. ನನ್ನ ಕೈಯಿಂದ ಹೋಗಿದ್ದು ಅದು" ಎಂದು ಶಕುಂತಲಾಬಾಯಿ ಕಥೆ ಮುಗಿಸುತ್ತಿದ್ದಳು. ಬಂಡಿ ಹಾಡು ಕೇಳದ ಮನೆ ಈ ಸೀಮೆಯಲ್ಲಿಲ್ಲ. ಆ ಖಾಲಿ ಜಾಗದಲ್ಲಿ ಎದೆ ಝಲ್ ಎನ್ನದವರೂ ಇಲ್ಲ. ಅದು ಹುಮನಾಬಾದಿನ ರೊಟ್ಟಿ ಎಂದು ನಂಬಿದವರೂ ಇಲ್ಲ.

ಎಲ್ಲರಿಗಿಂತ ಹೆಚ್ಚು ನಂಬದವನು ಎದುರಿನ ಪಾನ್ ಅಂಗಡಿಯ ಮೊಹಿನುದ್ದೀನ್. ಊಟ ದಿನಾ ಇಲ್ಲೇ, ಅಣಕವೂ ಇಲ್ಲೇ. "ಭಾಬಿ, ನಿನ್ನೆ ಟಿವಿಯಾಗ ಒಂದ ಹೊಸ ಹಾಡು ಬಂತು. ಅದರಾಗ ಮಿಕ್ಸರ್ ಸಪ್ಪಳ ಇತ್ತು. ನಿಮ್ಮ ಚಟ್ನಿದೇನು?" ಎನ್ನುವನು. ಆಕೆ ಅವನ ತಾಟಿಗೆ ವಿರಹದ ರೊಟ್ಟಿ ಎಸೆಯುವಳು.

ಹೀಗಿರುತ್ತ ಕಳೆದ ಚಳಿಗಾಲದಲ್ಲಿ ಬಸವಕಲ್ಯಾಣದಿಂದ ಮಗಳು ವಿಜಯಶ್ರೀ ಫೋನು ಮಾಡಿದಳು. ಅಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಧರ್ಮೇಂದ್ರ ಎಂಬವನು ದಿನಕರರಾವ್ ಅಭಿಮಾನಿಗಳನ್ನು ಕಲೆಹಾಕಿದ್ದಾನೆ. ಮಾಸ್ತರು ತೀರಿಹೋಗಿ ವರ್ಷಗಳಾದವಲ್ಲ, ಅವರ ನೆನಪಿಗೆ ಒಂದು ಕಾರ್ಯಕ್ರಮ ಇಟ್ಟಿದ್ದಾರೆ. ಅದಕ್ಕೆ ಅವರ ಢೋಲಕಿನವರು, ಬಂಡಿ ಹಾಡಿಗೆ ಬಾರಿಸಿದ ಅಲ್ಲಾಬಕ್ಷ ಉಸ್ತಾದರೇ ಬರುತ್ತಿದ್ದಾರೆ.

ಮೊಹಿನುದ್ದೀನ್ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. "ಭಾಬಿ, ಆ ಮೆಟಡೋರಿನ್ಯಾಗ ಉಸ್ತಾದ್ ಇದ್ರೇನು?"

"ಇದ್ರು. ಮಾಸ್ತರ ಬಾಜೂಕ ಕುಂತಿದ್ರು."

"ಹಂಗಾದ್ರ ಮುಗೀತಲ್ಲ. ಹೋಗಿ ಕೇಳ್ರಿ. ಅವ್ರು ಹೌದು ಅಂದ್ರ ನಾ ನನ್ನ ಅಂಗಡಿಯಾಗ ಒಂದ ವರ್ಷ ಬಂಡಿ ಹಾಡೇ ಹಚ್ಚತೀನಿ. ಅಲ್ಲ ಅಂದ್ರ?"

ಶಕುಂತಲಾಬಾಯಿ ಫೋಟೋ ನೋಡಿದಳು. ಊಟಕ್ಕೆ ಕುಳಿತಿದ್ದವರೆಲ್ಲ ಆಕೆಯನ್ನು ನೋಡಿದರು. "ಅಲ್ಲ ಅಂದ್ರ ಮಾಸ್ತರ ಫೋಟೋ ಇಳಸ್ತೀನಿ. ಈ ಕಥಿ ಮತ್ತೊಮ್ಮೆ ಬಾಯಾಗ ತರೂದಿಲ್ಲ" ಎಂದಳು. ಆ ಕಥೆ ಹೋದರೆ ತಾನು ಊರ ಮಂದಿಯ ತಾಟಿಗೆ ರೊಟ್ಟಿ ಹಾಕುವ ಹೆಂಗಸು, ಅಷ್ಟೇ. ಅದು ಇರುವತನಕ ಮಾತ್ರ, ಬಂಡಿ ಹಾಡು ಎಲ್ಲಿ ಕೇಳಿದರೂ ಅದರಲ್ಲಿ ತಾನೂ ಇದ್ದೇನೆ ಎಂಬ ಸುಖ.

ವಿಚಿತ್ರವೆಂದರೆ ಈ ಸುದ್ದಿಯಿಂದ ಹೆಚ್ಚು ಬೆವತವನು ಬಸವಣಪ್ಪ. ಮೊದಲು, ಅಂಗಡಿ ಯಾರು ನೋಡುತ್ತಾರೆ ಎಂದ. ಒಂದು ದಿನ ಬಂದ್ ಇಡೋಣ ಎಂದಳು. ಆಮೇಲೆ, ಉಸ್ತಾದರಿಗೆ ವಯಸ್ಸಾಗಿದೆ, ಏನೂ ನೆನಪಿರುವುದಿಲ್ಲ ಎಂದ. ತಾಳ ಹಾಕುವವರಿಗೆ ನೆನಪೇ ಆಸ್ತಿ ಎಂದಳು. ಹೊರಡುವ ದಿನ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಮಲಗಿದ. ಆಕೆ ಒಂದು ಲೋಟ ಓಮಿನ ಕಷಾಯ ಕುಡಿಸಿ ಎಬ್ಬಿಸಿದಳು. ಅದು ಎಷ್ಟು ಕಹಿಯಾಗಿತ್ತೆಂದರೆ ಇನ್ನೊಂದು ಲೋಟ ಕುಡಿಯುವುದಕ್ಕಿಂತ ಬಸವಕಲ್ಯಾಣಕ್ಕೆ ಹೋಗುವುದು ಲೇಸು ಎಂದು ಅವನಿಗೂ ಅನ್ನಿಸಿತು.

"ಏನ್ರೀ ನಿಮಗ ಇಷ್ಟ ಹೆದರಿಕಿ? ನಾ ಸೋಲತೀನಿ ಅಂತನ?"

"ನೀ ಎಲ್ಲಿ ಸೋಲತಿ" ಎಂದ ಬಸವಣಪ್ಪ, ಶರ್ಟಿನ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಳ್ಳುತ್ತ.

ಬಸ್ಸಿನಲ್ಲಿ ಶಕುಂತಲಾಬಾಯಿಯ ತೊಡೆಯ ಮೇಲೆ ದೊಡ್ಡ ಗಂಟಿತ್ತು. ರೊಟ್ಟಿ ಬಡಿಯುವ ತನ್ನ ಹಲಗೆ, ತನ್ನ ಹಂಚು, ತಾನೇ ಬೀಸಿಸಿದ ಜೋಳದ ಹಿಟ್ಟು. ಸಾಕ್ಷಿ ಕೇಳಿದರೆ ಅಲ್ಲೇ ಬಡಿದು ತೋರಿಸುವ ತಯಾರಿ. ಹಿಂದಿನ ಸೀಟಿನಲ್ಲಿ ಮೊಹಿನುದ್ದೀನ್, ಅವನ ಹಿಂದೆ ಖಾನಾವಳಿಯ ಕಾಯಂ ಗಿರಾಕಿಗಳು ಒಂದಷ್ಟು ಮಂದಿ. ಊಟ ಬಂದ್ ಆದ ಮೇಲೆ ಅವರಿಗಾದರೂ ಊರಲ್ಲಿ ಏನು ಕೆಲಸ? ಬಂಗ್ಲಾ ಕ್ರಾಸಿನಲ್ಲಿ ಬಸ್ಸು ಬಸವಕಲ್ಯಾಣದ ಕಡೆ ತಿರುಗಿದಾಗ ಬಸವಣಪ್ಪ ಇಲ್ಲೇ ಇಳಿಯುತ್ತೇನೆ ಎಂಬಂತೆ ಒಮ್ಮೆ ಎದ್ದು ನಿಂತ. ಆಕೆ ಅಂಗಿ ಹಿಡಿದು ಕೂರಿಸಿದಳು.

ಕಾರ್ಯಕ್ರಮ ಒಂದು ಕಲ್ಯಾಣ ಮಂಟಪದಲ್ಲಿ. ವೇದಿಕೆಯ ಹಿಂದೆ ಯಾರದೋ ಮದುವೆಯ ಥರ್ಮಾಕೋಲಿನ ನವಿಲು ಇನ್ನೂ ಹಾಗೇ ಇತ್ತು. ಧರ್ಮೇಂದ್ರ ಮೈಕಿಗೆ ಬಂದು ಬಂಡಿ ಹಾಡಿನ ಬಗ್ಗೆ ಮಾತಾಡಿದ. "ಆ ಖಾಲಿ ಜಾಗಾ ಅಂದ್ರ ಏನ್ರಿ? ಅದು ವಿರಹ! ಅದು ಶೂನ್ಯ! ಅಲ್ಲಿ ಜೀವಾತ್ಮ ಪರಮಾತ್ಮನ ಬಾಗಲದಾಗ ನಿಂತಾನ, ಒಳಗ ಹೋಗೂದೋ ಬ್ಯಾಡೋ ಅಂತ!" ಎಂದ. ಜನ ಚಪ್ಪಾಳೆ ತಟ್ಟಿದರು. ಮೂರನೇ ಸಾಲಿನಲ್ಲಿ ಬಸವಣಪ್ಪ ಕೆಮ್ಮಿದ.

ಆಮೇಲೆ ಅಲ್ಲಾಬಕ್ಷರನ್ನು ಕುರ್ಚಿಯ ಸಮೇತ ಮುಂದೆ ತಂದರು. ಎಂಬತ್ತರ ಆಸುಪಾಸಿನ ಮುದುಕರು, ಬಿಳಿ ಟೋಪಿ, ಗಡ್ಡಕ್ಕೆ ಮೆಹಂದಿ, ತೊಡೆಯ ಮೇಲೆ ಢೋಲಕು. ಅವರು ಬಂಡಿ ಹಾಡಿನ ನಡೆಯನ್ನು ಬಾರಿಸಿದಾಗ ಸಭೆ ಉಸಿರು ಬಿಗಿಹಿಡಿಯಿತು. ಅವರು ನಿಲ್ಲಿಸಿದ ಕೂಡಲೇ ಶಕುಂತಲಾಬಾಯಿ ಎದ್ದು ನಿಂತಳು.

"ಉಸ್ತಾದ್, ಒಂದ ಮಾತ ಕೇಳಬೇಕಾಗ್ಯಾದ್ರಿ. ನಾ ಹುಮನಾಬಾದಿನಾಕಿ. ನೀವು ಮಾಸ್ತರು ನಮ್ಮ ಖಾನಾವಳಿಯಾಗ ಉಂಡಿದ್ರಿ. ಈ ತಾಳ ನಮ್ಮ ರೊಟ್ಟಿದು ಹೌದಲ್ರಿ?"

ಸಭೆಯಲ್ಲಿ ನಗೆಯೆದ್ದಿತು. ಧರ್ಮೇಂದ್ರ, ಜೀವಾತ್ಮನಿಗೂ ರೊಟ್ಟಿಗೂ ಏನು ಸಂಬಂಧ ಎಂಬಂತೆ ಹುಬ್ಬು ಗಂಟಿಕ್ಕಿದ. ಅಲ್ಲಾಬಕ್ಷರು ಮಾತ್ರ ಕಣ್ಣು ಮುಚ್ಚಿ, ತೆರೆದು, ಬೊಚ್ಚು ಬಾಯಿ ಅಗಲ ಮಾಡಿ ನಕ್ಕರು.

"ಬರೋಬರ್! ರೊಟ್ಟಿ ಸಪ್ಪಳ! ಹುಮನಾಬಾದ್! ಇಷ್ಟ ವರ್ಷ ಆತು, ಈ ಮಾತು ನನಗ ಯಾರೂ ಕೇಳಿಲ್ಲ ಬೇಟಿ."

ಕಾಯಂ ಗಿರಾಕಿಗಳು ಕುರ್ಚಿ ಹತ್ತಿ ಕೂಗಿದರು. ಮೊಹಿನುದ್ದೀನ್ ತನ್ನ ಹಣೆ ತಾನೇ ಬಡಿದುಕೊಂಡ. ಶಕುಂತಲಾಬಾಯಿಗೆ ಕಾಲು ನೆಲದ ಮೇಲಿರಲಿಲ್ಲ. ಅಲ್ಲಿಗೇ ನಮಸ್ಕಾರ ಹಾಕಿ ಕುಳಿತಿದ್ದರೆ ಎಲ್ಲ ಸುಖವಾಗಿರುತ್ತಿತ್ತು. ಆದರೆ ಹೊತ್ತು ತಂದ ಹಲಗೆ ಸುಮ್ಮನಿರಲು ಬಿಡಬೇಕಲ್ಲ! ಬಡಿದೇ ತೋರಿಸುತ್ತೇನೆ ಎಂದು ಗಂಟು ಬಿಚ್ಚಿಕೊಂಡು ವೇದಿಕೆ ಹತ್ತಿದಳು. ನವಿಲಿನ ಮುಂದೆ ಕುಳಿತು ಹಿಟ್ಟು ನಾದಿದಳು, ಬಡಿದಳು. ಧರ್ಮೇಂದ್ರ ತಾನೇ ಮೈಕು ಬಗ್ಗಿಸಿ ಹಿಡಿದ. ತಟ್ ತಟ್ ತಟ್, ಖಾಲಿ, ತಟ್. ಗಡಿಯಾರ ಕೂಡ ಅಷ್ಟು ಸರಿಯಾಗಿ ನಡೆಯುವುದಿಲ್ಲ. ರೊಟ್ಟಿ ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ ಬಂತು.

ಅಲ್ಲಾಬಕ್ಷರು ತಲೆ ಓರೆ ಮಾಡಿ ಕೇಳಿದರು. ಆಮೇಲೆ ಬಹಳ ಸಂಕೋಚದಿಂದ ತಲೆ ಅಲ್ಲಾಡಿಸಿದರು.

"ಇಲ್ಲ ಬೇಟಿ. ಇದು ಅಲ್ಲ. ಇದು ಭಾಳ ಛಂದ ಅದ. ಅದು ಇಷ್ಟ ಛಂದ ಇದ್ದಿಲ್ಲ."

ಸಭೆ ತಣ್ಣಗಾಯಿತು. "ನೀ ಹಾಡ ಕೇಳಿ ಬಡೀತಿ" ಎಂದರು ಮುದುಕರು. "ಅಂವಾ ಹಾಡ ಇಲ್ದ ಬಡದಿದ್ದ."

"ಅಂವಾ?"

"ಹಾಂ, ಗಂಡಸು. ರೊಟ್ಟಿ ಕೊಡೂ ಕಿಡಕಿಯೊಳಗಿಂದ ನಮಗ ಕಾಣಸ್ತಿದ್ದ. ತೆಳ್ಳಗಿದ್ದ. ಗುರುತು ಸಿಗಬಾರದಂತ ತಲಿಗೆ ಟುವಾಲ್ ಸುತ್ತಿದ್ದ. ಗಂಡಸು ರೊಟ್ಟಿ ಬಡ್ಯೂದು ಅಂದ್ರ ಆಗಿನ ಕಾಲಕ್ಕ ನಾಚಿಕಿ ಮಾತಲ್ಲ? ಮೂರ ಸಲ ಬಡ್ಯಾಂವ. ಯಾರರೆ ನೋಡಿದ್ರೇನೋ ಅಂತ ಬಾಗಲ ಕಡಿ ಹಣಕಿ ಹಾಕಾಂವ. ಮತ್ತ ಒಂದ ಬಡ್ಯಾಂವ. ನಾವೆಲ್ಲ ನಕ್ಕೂ ನಕ್ಕೂ ಸಾಕಾತು. ಮಾಸ್ತರ ಒಬ್ರ ನಗಲಿಲ್ಲ. ಅಲ್ಲಾಬಕ್ಷ, ಆ ಹೆದರಿಕಿ ಛಂದ ಅದ, ಅದನ್ನ ಬಂಡಿಗೆ ಹಾಕೋಣು, ಅಂದ್ರು."

ಶಕುಂತಲಾಬಾಯಿ ರೊಟ್ಟಿಯ ಮೇಲೆ ಕೈಯಿಟ್ಟುಕೊಂಡು ಕುಳಿತೇ ಇದ್ದಳು. ಆ ಮಧ್ಯಾಹ್ನ ತುಂಡು ತುಂಡಾಗಿ ನೆನಪಿಗೆ ಬಂತು. ಬಂದವರು ದಿನಕರರಾವ್ ಎಂದು ತಿಳಿದದ್ದೇ ತನ್ನ ಕೈ ನಡುಗಿ ರೊಟ್ಟಿ ಹರಿದದ್ದು. ಹರಿದದ್ದಲ್ಲದೆ ಇನ್ನೊಂದೂ ಹರಿದದ್ದು. ಅತ್ತೆ, "ಏಳ, ಕೈಗೇನ ಬಡಕೊಂಡಾದ ನಿನಗ" ಎಂದು ಬೈದು ಎಬ್ಬಿಸಿದ್ದು. ತಾನು ಬಾಗಿಲ ಪರದೆಯ ಹಿಂದೆ ನಿಂತು ಮಾಸ್ತರರ ಬೆರಳನ್ನೇ, ತಾಟಿನ ಮೇಲೆ ಕುಣಿಯುವ ಆ ಬೆರಳನ್ನೇ ನೋಡಿದ್ದು. ಅವರು ಹೋದ ಮೇಲೆ ಮತ್ತೆ ಒಲೆಯ ಮುಂದೆ ಕುಳಿತದ್ದು. ಮೊದಲೂ ತಾನೇ ಬಡಿದಿದ್ದಳು, ಆಮೇಲೂ ತಾನೇ ಬಡಿದಿದ್ದಳು. ನಡುವಿನದನ್ನೂ ತನ್ನ ಲೆಕ್ಕಕ್ಕೇ ಸೇರಿಸಿಕೊಂಡಿದ್ದಳು. ಅತ್ತೆ ಬಡಿಸಲು ಹೊರಗಿದ್ದಳು, ತಾನು ಪರದೆಯ ಹಿಂದಿದ್ದಳು. ಹಾಗಾದರೆ ಒಲೆಯ ಮುಂದೆ ಯಾರಿದ್ದರು? ಇಷ್ಟು ವರ್ಷದಲ್ಲಿ ಒಂದು ದಿನವೂ ಆಕೆಗೆ ಆ ಪ್ರಶ್ನೆ ಬಂದಿರಲಿಲ್ಲ.

ಆಕೆ ಮೂರನೇ ಸಾಲು ನೋಡಿದಳು. ಬಸವಣಪ್ಪ ಚಪ್ಪಲಿ ಹುಡುಕುವವನ ಹಾಗೆ ಕುರ್ಚಿಯ ಕೆಳಗೆ ಬಗ್ಗಿದ್ದ.

"ರೀ" ಎಂದಳು. ಮೈಕು ಬಾಯಿಯ ಹತ್ತಿರವೇ ಇತ್ತು. ಮಂಟಪವೆಲ್ಲ ಗುಂಯ್‌ಗುಟ್ಟಿತು. "ಮ್ಯಾಲ ಬರ್ರಿ."

ಅವನನ್ನು ಕಾಯಂ ಗಿರಾಕಿಗಳು ಅಕ್ಷರಶಃ ಎತ್ತಿ ತಂದರು. ಯಾರೋ ತಲೆಗೆ ಟವೆಲು ಸುತ್ತಿದರು. ಹಿಟ್ಟಿನ ಉಂಡೆ ಕೈಗೆ ಬಂದ ಮೇಲೆ ಬಸವಣಪ್ಪ ಬೇರೆ ದಾರಿಯಿಲ್ಲದೆ ಬಡಿದ. ಮುಂದೆ ಅಷ್ಟೊಂದು ಜನ, ಅವನ ಕಣ್ಣು ತಾನಾಗಿಯೇ ಮಂಟಪದ ಬಾಗಿಲ ಕಡೆ ಹೋಯಿತು. ತಟ್ ತಟ್ ತಟ್. ಹಣಕಿ. ತಟ್. ಅಲ್ಲಾಬಕ್ಷರು "ಇದೇ! ಇದೇ!" ಎಂದು ಕೂಗಿ ಢೋಲಕಿಗೆ ಕೈ ಹಾಕಿದರು. ಸೊಟ್ಟ ಬಡಿತಕ್ಕೆ ಸೊಟ್ಟ ಬಡಿತ ಸೇರಿ, ಬಂಡಿ ಹಾಡು ಹೊಸದಾಗಿ ಹುಟ್ಟಿದ ಹಾಗೆ ಎದ್ದು ಕುಳಿತಿತು. ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಧರ್ಮೇಂದ್ರ ಮಾತ್ರ ಪೆಚ್ಚು ಮೋರೆ ಹಾಕಿಕೊಂಡು, ಪರಮಾತ್ಮನ ಬಾಗಿಲಲ್ಲಿ ನಿಂತ ಜೀವಾತ್ಮನನ್ನೇ ನೋಡುತ್ತಿದ್ದ. ರೊಟ್ಟಿ ಮಾತ್ರ ಕರ್ನಾಟಕದ ನಕಾಶೆಯಂತೆ ಉದ್ದುದ್ದ ಬಂದಿತ್ತು, ಬೀದರಿನ ಹತ್ತಿರ ಹರಿದಿತ್ತು.

ಶಕುಂತಲಾಬಾಯಿ ಚಪ್ಪಾಳೆ ತಟ್ಟಲಿಲ್ಲ. ಆಕೆಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ನಾಚಿಕೆ. ಆ ನಾಚಿಕೆ ಸಿಟ್ಟಿಗಿಂತ ದೊಡ್ಡದಾಗಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಬಸವಣಪ್ಪ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಪರಾಧದ ಮಾಲು ಹಿಡಿದು ಸಿಕ್ಕಿಬಿದ್ದವನಂತೆ ಕುಳಿತಿದ್ದ.

"ಯಾಕ ಹೇಳಲಿಲ್ರೀ?"

"ಗಂಡಸು ರೊಟ್ಟಿ ಬಡದಾನಂದ್ರ ಊರಾಗ ತಲಿ ಎತ್ತಾಕ ಬಿಡ್ತಿದ್ರೇನ? ನೀ ಎದ್ದ ಮ್ಯಾಲ ಅವ್ವನೇ ನನ್ನ ಕುಂದ್ರಿಸಿ, ಯಾರ ಮುಂದೂ ಹೇಳಬ್ಯಾಡ ಅಂದಿದ್ಲು."

"ಅದು ಆಗಿನ ಮಾತು. ಆಮ್ಯಾಲ?"

ಬಸವಣಪ್ಪ ಕಿಟಕಿಯ ಹೊರಗೆ ನೋಡಿದ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಕಡೆ ಸಾಲಾಗಿ ಹೊರಟಿದ್ದವು. "ಆಮ್ಯಾಲ ಹಾಡು ಬಂತು. ಮೊದಲನೇ ಸಲ ರೇಡಿಯೋದಾಗ ಕೇಳಿದಾಗ ನೀ ಹಿಟ್ಟಿನ ಕೈಲೇ ಓಡಿಬಂದು ನನ್ನ ಹೆಗಲ ಹಿಡದಿ. ಇದು ನನ್ನ ರೊಟ್ಟಿ, ನನ್ನ ರೊಟ್ಟಿ, ಅಂತ ಕುಣದಿ. ಅಷ್ಟ ಖುಷಿಯಾಗಿದ್ದು ನಾ ನಿನ್ನ ನೋಡಿದ್ದಿಲ್ಲ. ಅದರಾಗ ನಾ ಎಲ್ಲಿ ಬಾಯಿ ಹಾಕ್ಲಿ?"

ಆಮೇಲೆ ಅವನೇ ಮೆಲ್ಲಗೆ, "ಖರೆ ಹೇಳ್ಲೇನು? ಆ ಹಾಡು ನನಗ ಸೇರೂದೇ ಇಲ್ಲ" ಎಂದ.

"ಏನಂದ್ರಿ?"

"ಅದು ಹತ್ತಿದಾಗೊಮ್ಮೆ ಯಾರೋ ಬಂದ್ರೇನೋ ಅನ್ನಸ್ತದ. ಇಷ್ಟ ವರ್ಷ ನೀ ದಿನಾ ಹಚ್ಚೀದಿ, ದಿನಾ ನನ್ನ ಎದಿ ಝಲ್ ಅಂದದ."

ಶಕುಂತಲಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ಎಲ್ಲಿಯವರೆಗೆ ನಗೆಯದು, ಎಲ್ಲಿಂದ ಅಳುವಿನದು ಎಂದು ಆಕೆಗೇ ತಿಳಿಯಲಿಲ್ಲ. ಕಂಡಕ್ಟರ್ ಬಂದು, ಅಮ್ಮಾರಿಗೆ ಏನಾಯ್ತು ಎಂದು ಬಸವಣಪ್ಪನನ್ನು ವಿಚಾರಿಸಿಕೊಂಡು ಹೋದ.

ಮರುದಿನ ಮಧ್ಯಾಹ್ನ ಖಾನಾವಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಂದ್ಯ ಯಾರು ಗೆದ್ದರೆಂದು ಮೊಹಿನುದ್ದೀನ್ ವಾದ ಹೂಡಿದ್ದ. ತಾಳ ಹುಮನಾಬಾದಿನದು, ಅದು ಭಾಬಿಯ ಗೆಲುವು. ಕೈ ಭಾಬಿಯದಲ್ಲ, ಅದು ತನ್ನ ಗೆಲುವು. ಹಾಗಾಗಿ ಫೋಟೋ ಅರ್ಧ ಇಳಿಸಬೇಕು, ತಾನು ಆರು ತಿಂಗಳು ಹಾಡು ಹಚ್ಚುತ್ತೇನೆ ಎಂದು ಅವನ ನ್ಯಾಯ. ಅಷ್ಟರಲ್ಲಿ ಹೊಸ ಗಿರಾಕಿಯೊಬ್ಬ, ಜಹೀರಾಬಾದಿನ ಕಡೆಯವನು, ಬಂಡಿ ಹಾಡು ಕೇಳುತ್ತ ತಲೆದೂಗಿ, "ಈ ಢೋಲಕ್ ಭಾಳ ಛಂದ ಅದ ನೋಡ್ರಿ" ಎಂದ.

ಎಲ್ಲರೂ ಒಳಗಿನ ಕಿಟಕಿಯ ಕಡೆ ನೋಡಿದರು. ಶಕುಂತಲಾಬಾಯಿ ಬಡಿಯುವುದನ್ನು ನಿಲ್ಲಿಸಿದಳು.

"ಅದು ಢೋಲಕ್ ಅಲ್ರಿ, ಈ ಖಾನಾವಳಿ ರೊಟ್ಟಿ. ಮಾಸ್ತರು ಇಲ್ಲೇ ಕುಂತ ಕೇಳಿದ್ರು."

"ಹೌದಾ? ನೀವ ಬಡದಿದ್ದೇನ್ರಿ?"

ಆಕೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. ಸಂಸಾರವಿಡೀ ಆಕೆಗೆ ಅವನು 'ರೀ', ಮಗಳು ಹುಟ್ಟಿದ ಮೇಲೆ 'ವಿಜಯಶ್ರೀ ಅಪ್ಪ', ಕಾಗದ ಪತ್ರದವರು ಕೇಳಿದರೆ 'ನಮ್ಮ ಮನಿಯವರು'. ದಿನಕರರಾವ್ ಅವರ ಹೆಸರನ್ನು ದಿನಕ್ಕೆ ನೂರು ಸಲ ಹೇಳಿದ ಬಾಯಿ ಅದು. ಆದರೆ ಹಾಡು ಕಟ್ಟಿದವರಿಗೆ ಹೆಸರಿದೆ, ಬಾರಿಸಿದವರಿಗೆ ಹೆಸರಿದೆ. ಬಡಿದವನು ಬರೀ 'ಮನಿಯವರು' ಆದರೆ ಯಾವ ಮನೆ, ಯಾವ ಅವರು? ಆಕೆ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ನಾ ಅಲ್ಲ. ಬಸವಣಪ್ಪ" ಎಂದಳು. ಅರ್ಧ ಊಟದಲ್ಲಿದ್ದವರೂ ಬಾಯಿ ತೆರೆದುಕೊಂಡು ನೋಡುವಷ್ಟು ಗಟ್ಟಿಯಾಗಿ ಹೇಳಿದಳು. "ನನ್ನ ಗಂಡ. ಬಸವಣಪ್ಪ ಅಂತ. ಬರಕೋರಿ ಬೇಕಾದ್ರ."

ಗಿರಾಕಿ ಯಾರು ಎಲ್ಲಿ ಎಂದು ಸುತ್ತ ನೋಡಿದ. ಗಲ್ಲಾದಲ್ಲಿ ಕುಳಿತವನ ಕಿವಿ ಕೆಂಪಾಗಿತ್ತು, ಎರಡೂ ಕೈ ತೊಡೆಯ ಕೆಳಗಿದ್ದವು.

"ಕೈ ಹೊರಗ ತಗೀರಿ" ಎಂದಳು ಶಕುಂತಲಾಬಾಯಿ. "ಮಂದಿ ನೋಡ್ಲಿ."